ಟ್ರೇಲರ್‌ಗೂ ನಂಬರ್ ಬೇಕೇ?

ಪ್ರಶ್ನೆ: ನಾನು ಸವದತ್ತಿ ಕಡೆಯ ರೈತ. ಟ್ರ್ಯಾಕ್ಟರ್‌ಗೆ ನಂಬರ್ ಇದೆ, ಟ್ರೇಲರ್‌ಗೆ ಇಲ್ಲ. ಕಬ್ಬು ಸಾಗಿಸುವಾಗ ಪೊಲೀಸರು ತಡೆದರು. ಅವರು ಮಾಡಿದ್ದು ಸರಿಯೇ?

ಉತ್ತರ: ಸರಿ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ವಾಹನವೇ. ನೋಂದಣಿಯಾಗದೆ, ನಂಬರ್ ತೋರಿಸದೆ ರಸ್ತೆಗಿಳಿಸುವಂತಿಲ್ಲ ಎನ್ನುತ್ತದೆ 39ನೇ ಕಲಂ. 192ನೇ ಕಲಂ ಪ್ರಕಾರ ಮೊದಲ ಸಲ 5,000 ರೂ.ವರೆಗೆ ದಂಡ, ಮತ್ತೆ ಸಿಕ್ಕರೆ ಒಂದು ವರ್ಷದವರೆಗೆ ಜೈಲೂ ಆಗಬಹುದು.

ದಂಡಕ್ಕಿಂತ ನನಗೆ ಚಿಂತೆ ಇರುವುದು ವಿಮೆಯದು. ರಾತ್ರಿ ಹಿಂದಿನಿಂದ ಬೈಕೊಂದು ಬಂದು ಗುದ್ದಿತು ಎನ್ನಿ. ಟ್ರೇಲರ್‌ಗೆ ನೋಂದಣಿ, ವಿಮೆ ಇಲ್ಲದಿದ್ದರೆ ಪರಿಹಾರದ ಹೊರೆ ನಿಮ್ಮ ಹೊಲದ ಮೇಲೇ ಬರಬಹುದು.

ಖರೀದಿ ಬಿಲ್ಲು, ತಯಾರಕರು ಕೊಟ್ಟ ಪತ್ರ ಹಿಡಿದು ಬೈಲಹೊಂಗಲದ ಆರ್‌ಟಿಓ ಕಚೇರಿಗೆ ಹೋಗಿ. ನಿಮ್ಮ ಕಡೆಯ ಕೆಎ–24 ಅಲ್ಲಿಯದೇ. ಊರ ವರ್ಕ್‌ಶಾಪಿನಲ್ಲಿ ಕಟ್ಟಿಸಿದ್ದಾದರೆ ತೊಡಕಾಗಬಹುದು, ಮೊದಲೇ ವಿಚಾರಿಸಿ.

ನಂಬರ್ ಇದ್ದೂ ಕಾಣದಿದ್ದರೆ ಅದೂ ತಪ್ಪೇ. ಹೇರು ಕಟ್ಟಿದ ಮೇಲೆ ಕಬ್ಬಿನ ಸೋಗೆ ಹಿಂದೆ ಜೋತು ಫಲಕವನ್ನು ಅರ್ಧ ಮುಚ್ಚುತ್ತದೆ. ಉಳಿದದ್ದನ್ನು ಎರೆಮಣ್ಣಿನ ರಾಡಿ ಮುಚ್ಚುತ್ತದೆ. ಬೇಕೆಂದೇ ಬಟ್ಟೆ ಸುತ್ತುವ ಹುಡುಗರ ಬೈಕಿಗೂ ಇದೇ ನಿಯಮ. 2019ರ ಏಪ್ರಿಲ್ 1ಕ್ಕಿಂತ ಹಳೆಯ ವಾಹನಗಳಿಗೂ ರಾಜ್ಯದಲ್ಲಿ ಅತಿ ಸುರಕ್ಷಿತ ಫಲಕ ಕಡ್ಡಾಯ.

ಕಾರ್ಖಾನೆಗೆ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಫಲಕ ಒರೆಸಿ, ಸೋಗೆ ಕತ್ತರಿಸಿ, ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ಈ ಹಂಗಾಮಿನಲ್ಲೇ ನೋಂದಣಿ ಮುಗಿಸಿಕೊಳ್ಳಿ.