ತೊಗರಿ ಕಟಗಿಯ ಪುಟ್ಟಿ: ಹೆಣೆಯುವುದು ಹೀಗೆ

ಕಾಶ್ಮೀರದವರು ಕೆಂಡ ತುಂಬಿ ಮೈ ಕಾಯಿಸಿಕೊಳ್ಳುವ ಕಾಂಗ್ಡಿಯ ಹೊರಬುಟ್ಟಿಯನ್ನು ವಿಲೋ ಗಿಡದ ಎಳೆಕಡ್ಡಿಯಿಂದ ಹೆಣೆಯುತ್ತಾರೆ. ತಂಪು, ತೇವ ಎರಡನ್ನೂ ಬೇಡುವ ಆ ಗಿಡ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಕಡೆಯ ಬಿಸಿಲಿಗೆ ಒಗ್ಗದು. ಆದರೆ ಅದೇ ಬಗೆಯ ಹೆಣಿಗೆಗೆ ಒದಗುವ ತೊಗರಿ ಕಟಗಿ ಇಲ್ಲಿನ ಒಣಬೇಸಾಯದ ಹೊಲಗಳಲ್ಲೇ ಸಿಗುತ್ತದೆ. ಡಿಸೆಂಬರ್–ಜನವರಿಯ ಕೊಯ್ಲು ಮುಗಿದೊಡನೆ ಅದನ್ನೆಲ್ಲ ಒಲೆಗೆ ಇಡಬೇಡಿ.

ಅರ್ಧ ಕೆಲಸ ಕಡ್ಡಿ ಆಯುವುದರಲ್ಲೇ ಮುಗಿಯುತ್ತದೆ. ಕೊಯ್ದ ದಿನವೇ, ಹಸಿ ಆರುವ ಮೊದಲು, ಕವಲು ಕಡಿಮೆ ಇರುವ ನೀಳ ರೆಂಬೆಗಳನ್ನು ಆರಿಸಿಕೊಳ್ಳಿ. ಕಿರುಬೆರಳು ದಪ್ಪದವು ಗೂಟಕ್ಕೆ, ಪೆನ್ಸಿಲ್‌ಗಿಂತ ತೆಳ್ಳಗಿನವು ಹೆಣಿಗೆಗೆ. ಮೆಲ್ಲಗೆ ಬಾಗಿಸಿ ನೋಡಿ: ಲಟ್ಟೆಂದು ಮುರಿದದ್ದು ಒಲೆಗೆ, ಬಾಗಿದ್ದು ಪುಟ್ಟಿಗೆ. ಎಲೆ, ಗೆಣ್ಣುಗಳನ್ನು ಕುಡಗೋಲಿನಿಂದ ಸವರಿ. ಒಂದೆರಡು ದಿನ ತಡವಾಗಿದ್ದರೆ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ಪೂರ್ತಿ ಒಣಗಿದ ಕಟಗಿಯನ್ನು ನೆನೆಸಿದರೂ ಹಳೆಯ ಬಾಗು ಬರುವುದಿಲ್ಲ.

ತಳಕ್ಕೆ ನಾಲ್ಕು ಗೂಟ ಅಡ್ಡ, ನಾಲ್ಕು ಉದ್ದ ಇಡಿ. ನಡುವೆ ತೆಳುಕಡ್ಡಿಯಿಂದ ಎರಡು ಸುತ್ತು ಬಿಗಿದು, ಗೂಟಗಳನ್ನು ಚಕ್ರದ ಅರಗಳಂತೆ ಬಿಡಿಸಿ. ಈಗ ಹದಿನಾರು ತುದಿಗಳಾದವು. ಒಂಟಿ ಎಳೆಯಿಂದ ಹೆಣೆಯಲು ಬೆಸ ಸಂಖ್ಯೆ ಬೇಕೇ ಬೇಕು, ಇಲ್ಲವಾದರೆ ಪ್ರತಿ ಸುತ್ತೂ ಒಂದೇ ಗೂಟದ ಮೇಲೆ ಬರುತ್ತದೆ, ಹೆಣಿಗೆ ಹಿಡಿಯುವುದಿಲ್ಲ. ಆದ್ದರಿಂದ ಹದಿನೇಳನೆಯ ಗೂಟವೊಂದನ್ನು ನಡುವೆ ಸಿಗಿಸಿ. ಮೇಲೊಂದು, ಕೆಳಗೊಂದು ಎಂದು ಕಡ್ಡಿ ಓಡಿಸುತ್ತ, ಪ್ರತಿ ಸುತ್ತನ್ನೂ ಬೆರಳಿನಿಂದ ಒಳಕ್ಕೆ ಒತ್ತಿ. ಹೊಸ ಕಡ್ಡಿ ಸೇರಿಸುವಾಗ ಬುಡಕ್ಕೆ ಬುಡ, ತುದಿಗೆ ತುದಿ ಜೋಡಿಸಿದರೆ ಗಂಟು ಎದ್ದು ಕಾಣದು.

ತಳ ಒಂದು ಗೇಣಾದ ಮೇಲೆ ಗೂಟಗಳಿಗೆ ನೀರು ಚಿಮುಕಿಸಿ, ಮೇಲಕ್ಕೆ ಬಾಗಿಸಿ, ತುದಿಗಳನ್ನು ಹಗ್ಗದಿಂದ ಸಡಿಲವಾಗಿ ಕಟ್ಟಿ. ಬೇಕಾದ ಎತ್ತರಕ್ಕೆ ಹೆಣೆದು ಹಗ್ಗ ಬಿಚ್ಚಿ. ಪ್ರತಿ ಗೂಟವನ್ನೂ ಪಕ್ಕದ ಗೂಟದ ಹಿಂದಿನಿಂದ ತಂದು ಹೆಣಿಗೆಯೊಳಗೆ ಸಿಗಿಸಿದರೆ ಅಂಚು ಮುಗಿಯಿತು. ಇಲ್ಲಿ ಅವಸರ ಮಾಡಬೇಡಿ, ಗೂಟ ಮುರಿಯುವುದು ಇದೇ ಹಂತದಲ್ಲಿ.

ಪುಟ್ಟಿಯನ್ನು ನೆರಳಲ್ಲೇ ಒಣಗಿಸಿ. ಒಣಗಿದಂತೆ ಕಡ್ಡಿ ಸೊರಗಿ ಹೆಣಿಗೆ ಸಡಿಲಾಗುವುದು ಸಹಜ. ಆಗ ಸುತ್ತುಗಳನ್ನು ಒತ್ತಿ, ಮೇಲೊಂದು ಸುತ್ತು ಸೇರಿಸಿ. ಕಾಳು ತುಂಬುವುದಿದ್ದರೆ ಒಳಗೆ ಸೆಗಣಿ ಸಾರಿಸಿ ಸಂದು ಮುಚ್ಚಿ. ಹತ್ತಿ, ಮೇವು ಹೊರಲು ಅದರ ಅಗತ್ಯವಿಲ್ಲ. ಹುಳ ತಾಗದಂತೆ ವರ್ಷಕ್ಕೊಮ್ಮೆ ಬೇವಿನೆಣ್ಣೆ ಸವರಿ.