ಅರಿಶಿನಕ್ಕೆ ಸುಣ್ಣ ತಾಗಲಿ

ಬಣ್ಣದ ಅಂಗಡಿಗೆ ಹೋಗುವ ಮೊದಲು ಅಡುಗೆಮನೆಗೆ ಹೋಗು. ಒಂದು ಚಮಚ ಅರಿಶಿನವನ್ನು ಸ್ವಲ್ಪ ನೀರಿನಲ್ಲಿ ಕಲಸಿ ದಪ್ಪ ಕಾಗದದ ಮೇಲೆ ಬಳಿ. ಒಣಗಲಿ. ಆಮೇಲೆ ಅಜ್ಜಿಯ ಎಲೆಯಡಿಕೆ ಡಬ್ಬಿಯಿಂದ ಕಡಲೆಕಾಳಿನಷ್ಟು ಸುಣ್ಣ ತಗೊಂಡು ನೀರಿನಲ್ಲಿ ತೆಳ್ಳಗೆ ಮಾಡಿ, ಆ ಹಳದಿಯ ಮೇಲೆ ಒಂದು ಗೆರೆ ಎಳೆ. ಗೆರೆ ಕುಂಚದ ಹಿಂದೆಯೇ ಕೆಂಪಾಗುತ್ತಾ ಬರುತ್ತದೆ. ಅರಿಶಿನದಲ್ಲಿ ಕೆಂಪಿರಲಿಲ್ಲ, ಸುಣ್ಣದಲ್ಲೂ ಇರಲಿಲ್ಲ. ಆರತಿ ತಟ್ಟೆಯ ಓಕುಳಿ ನೀರು ಆಗುವುದು ಹೀಗೇ, ಚಿಕ್ಕಂದಿನಿಂದ ನೋಡಿದ್ದೀಯ. ಆದರೂ ನಿನ್ನ ಕೈಯಲ್ಲಿ, ನಿನ್ನ ಕಾಗದದ ಮೇಲೆ ಅದು ಆಗುವಾಗ ಮೈ ಜುಮ್ಮೆನ್ನುತ್ತದೆ. ಈಗ ಆ ಕೆಂಪಿನ ಮೇಲೆ ನಿಂಬೆರಸದ ಒಂದು ಹನಿ ಬಿಡು. ಮತ್ತೆ ಹಳದಿ.

ಅಲ್ಲಿಗೇ ನಿಲ್ಲಿಸಬೇಡ. ಕಾಗದದ ಅರ್ಧವನ್ನು ಪುಸ್ತಕದಿಂದ ಮುಚ್ಚಿ ಕಿಟಕಿಯ ಬಿಸಿಲಿಗೆ ಇಡು. ಕೆಲವೇ ದಿನಗಳಲ್ಲಿ ತೆರೆದ ಭಾಗ ಪೇಲವವಾಗುತ್ತದೆ, ಮುಚ್ಚಿದ ಭಾಗ ಹಾಗೇ ಉಳಿಯುತ್ತದೆ. ಅರಿಶಿನ ಬೆಳಕನ್ನು ತಾಳುವ ಬಣ್ಣವಲ್ಲ. ಇದನ್ನು ನಾನು ಹೇಳಿ ನೀನು ನಂಬುವುದಕ್ಕಿಂತ ನಿನ್ನ ಮನೆಯ ಕಿಟಕಿಯೇ ಹೇಳುವುದು ಒಳ್ಳೆಯದು.

ಒಂದು ವಸ್ತು ಇನ್ನೊಂದನ್ನು ಮುಟ್ಟಿದಾಗ ಏನಾಗುತ್ತದೆ ನೋಡೋಣ ಎಂಬ ಕುತೂಹಲ ಇದೆಯಲ್ಲ, ಹಲವು ವಸ್ತುಗಳನ್ನು ಒಂದೇ ಚಿತ್ರದಲ್ಲಿ ಕೂಡಿಸುವ ಮಿಶ್ರ ಮಾಧ್ಯಮದ ಬೇರು ಅದೇ. ಆ ಕುತೂಹಲ ಇದ್ದರೆ ಉಳಿದದ್ದನ್ನೆಲ್ಲ ಕಲಿಯಬಹುದು. ಅದಿಲ್ಲದೆ ಎಷ್ಟು ದುಬಾರಿ ಸಾಮಾನು ತಂದು ಅಂಟಿಸಿದರೂ ಅದು ಅಲಂಕಾರವಾಗಿ ಉಳಿಯುತ್ತದೆ. ಆದ್ದರಿಂದ ನಿನಗೆ ಹೇಳಬೇಕಾದ್ದು ಇಷ್ಟು: ಮೊದಲೇ ಅರ್ಥ ಕಟ್ಟಿಕೊಂಡು ಅದಕ್ಕೆ ತಕ್ಕ ವಸ್ತು ಹುಡುಕಲು ಹೋಗಬೇಡ. ವಸ್ತುವಿನ ಗುಣ ತಿಳಿದುಕೊ, ಇನ್ನೊಂದರ ಪಕ್ಕದಲ್ಲಿ ಇಡು, ಅವೆರಡರ ನಡುವೆ ಏನು ಹುಟ್ಟುತ್ತದೋ ಅದರ ಬೆನ್ನು ಹತ್ತು.

ದೊಡ್ಡವರು ಮಾಡಿದ್ದೂ ಇದನ್ನೇ. 1912ರಲ್ಲಿ ಪಿಕಾಸೊ ಒಂದು ಸಣ್ಣ ಅಂಡಾಕಾರದ ಚಿತ್ರ ಮಾಡಿದ. ಅಗಲ ಒಂದಡಿಗಿಂತ ತುಸು ಹೆಚ್ಚು. ಬೆತ್ತದ ಕುರ್ಚಿಯ ಹೆಣಿಗೆಯನ್ನು ಅಚ್ಚು ಹಾಕಿದ್ದ ಆಯಿಲ್‌ಕ್ಲಾತಿನ ತುಂಡನ್ನು ಕ್ಯಾನ್ವಾಸಿಗೆ ಅಂಟಿಸಿ, ಪಕ್ಕದಲ್ಲಿ ಎಣ್ಣೆಬಣ್ಣ ಬಳಿದು, ಚೌಕಟ್ಟಿನ ಜಾಗಕ್ಕೆ ಸುತ್ತ ಹಗ್ಗ ಕಟ್ಟಿದ. ಅದೇ ವರ್ಷ ಅವನ ಗೆಳೆಯ ಬ್ರಾಕ್, ಮರದ ಎಳೆಯ ಅಚ್ಚಿದ್ದ ಗೋಡೆಕಾಗದ ಕತ್ತರಿಸಿ ಇದ್ದಿಲಿನ ಗೆರೆಗಳ ಜೊತೆ ಕೂಡಿಸಿದ. ಕಲಾಶಾಲೆಯ ಪುಸ್ತಕಗಳು ಕೊಲಾಜ್ ಅಲ್ಲಿಂದ ಶುರು ಎನ್ನುತ್ತವೆ. ಯೂರೋಪಿನ ಮಟ್ಟಿಗೆ ಸರಿ. ನಮ್ಮ ಮೈಸೂರಿನ ಚಿತ್ರಗಾರರು ಅದಕ್ಕೂ ಬಹಳ ಹಿಂದೆಯೇ ಒಂದೇ ಹಲಗೆಯ ಮೇಲೆ ಎಷ್ಟು ವಸ್ತುಗಳನ್ನು ಒಂದಾಗಿಸಿದ್ದರು ನೋಡು. ಹುಣಸೆಕಡ್ಡಿ ಸುಟ್ಟ ಇದ್ದಿಲಿನಿಂದ ರೇಖೆ. ಅಳಿಲಿನ ಕೂದಲಿನ ಕುಂಚ. ಆಭರಣ, ಸಿಂಹಾಸನ, ಕಮಾನು ಇರುವಲ್ಲಿ ಸಫೇದ, ಮಕ್ಕಿ ಎಂಬ ಹಳದಿ ರಾಳ, ಗೋಂದು ಅರೆದು ಮಾಡಿದ ಲೇಪವನ್ನು ಕುಂಚದ ತುದಿಯಿಂದ ಎಳೆ ಎಳೆಯಾಗಿ ಇಟ್ಟು, ಬೆರಳಿಗೆ ತಾಗಿಯೂ ತಾಗದಷ್ಟು ಉಬ್ಬಿಸುವುದು. ಅದರ ಮೇಲೆ ಚಿನ್ನದ ರೇಕು, ಕೊನೆಗೆ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು. ತಂಜಾವೂರಿನ ಚಿತ್ರದಲ್ಲಿ ಉಬ್ಬು ಎದ್ದು ಕಾಣುತ್ತದೆ. ಮೈಸೂರಿನದು ದೀಪ ಓರೆಯಾಗಿ ಹಿಡಿದರೆ ಮಾತ್ರ ನೆರಳು ಕೊಡುತ್ತದೆ. ನನಗೆ ಈ ಸಂಯಮವೇ ಹೆಚ್ಚು ಇಷ್ಟ. ಸಫೇದ ಸೀಸದ ಪುಡಿ, ವಿಷ; ಅದನ್ನು ನೀನು ಮನೆಗೆ ತರಬೇಡ. ಸೀಮೆಸುಣ್ಣದ ನಯವಾದ ಪುಡಿಯನ್ನು ಫೆವಿಕಾಲ್ ಮತ್ತು ನೀರಿನಲ್ಲಿ ಕಲಸಿದರೆ ಅಭ್ಯಾಸಕ್ಕೆ ಸಾಕಾಗುವ ಲೇಪ ಸಿಗುತ್ತದೆ. ಒಂದೇ ಸಲ ದಪ್ಪಗೆ ಹಚ್ಚಿದರೆ ಬಿರುಕು ಬಿಡುತ್ತದೆ, ತೆಳುವಾಗಿ ಒಂದರ ಮೇಲೊಂದು ಹಚ್ಚು.

ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ಅವಕಾಶ ಸಿಕ್ಕರೆ ಹತ್ತಿರ ಕೂತು ನೋಡು. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳು. ಮೊದಲೇ ಬರೆದ ನಕ್ಷೆ ಇಲ್ಲ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಹೋಗುತ್ತದೆ. ಈಗ ಹೊಲಿದ ತುಂಡು ಮುಂದಿನ ತುಂಡು ಯಾವುದೆಂದು ಕೇಳುತ್ತದೆ. ಕೆಂಪಿನ ಪಕ್ಕ ಹಸಿರು ಬಂತು, ಅದು ಜೋರಾಯಿತು, ಮುಂದಿನದು ಬೂದು. ಚಿತ್ರದ ಸಂಯೋಜನೆ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಗೊತ್ತಿಲ್ಲ. ನೀನೂ ಒಮ್ಮೆ ಹಾಗೆ ಮಾಡು: ಪೋಸ್ಟ್‌ಕಾರ್ಡಿನಷ್ಟು ರಟ್ಟು ತಗೋ, ಒಂದು ಮೂಲೆಯಿಂದ ಆರಂಭಿಸು, ಹಿಂದಿನ ತುಂಡನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳಬೇಡ.

ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಕಲಿತದ್ದು ಚಿತ್ರಕಲೆ. 1990ರ ದಶಕದ ಆರಂಭದಲ್ಲಿ ಅವರು ಸಗಣಿಯನ್ನು ಮಾಧ್ಯಮವಾಗಿ ಕೈಗೆತ್ತಿಕೊಂಡರು. ಆಮೇಲೆ ಅವರ ಹೆಸರಾಂತ ಕೃತಿಯೊಂದರಲ್ಲಿ ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಕುಂಕುಮ ಮತ್ತು ಅಂಟಿನಿಂದ ಒಂದುಗೂಡಿಸಿ ಕೆಂಪು ಹಗ್ಗ ಮಾಡಿದರು. ಹಗ್ಗದ ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ಜೋತಾಡುತ್ತದೆ. ಸಗಣಿ, ಕುಂಕುಮ, ಸೂಜಿ, ದಾರ. ಯಾವುದು ನಿಮ್ಮ ಮನೆಯಲ್ಲಿಲ್ಲ? ಅವರು ಅವುಗಳನ್ನು ಅಲಂಕಾರಕ್ಕೆ ಬಳಸಲಿಲ್ಲ. ಸೂಜಿಯ ಚೂಪು ಚೂಪಾಗಿಯೇ ಉಳಿಯಿತು, ಕುಂಕುಮದ ಕೆಂಪು ಮಂಗಳವನ್ನೂ ಗಾಯವನ್ನೂ ಒಟ್ಟಿಗೆ ನೆನಪಿಸಿತು.

ಇನ್ನು ಮನೆಯ ಮಾತು. ಸ್ಟುಡಿಯೋ ಎಂದರೆ ಪ್ರತ್ಯೇಕ ಕೋಣೆ ಬೇಕೆಂದಿಲ್ಲ. ಒಂದು ಮೂಲೆ, ಕಲೆಯಾದರೂ ಬೇಸರವಿಲ್ಲದ ಒಂದು ಮೇಜು, ಒಣಗಲು ಇಟ್ಟದ್ದನ್ನು ಯಾರೂ ಎತ್ತಿಡದ ಒಂದು ಕಪಾಟು. ಮೂರನೆಯದೇ ಮುಖ್ಯ, ಮನೆಯವರೊಂದಿಗೆ ಅದನ್ನು ಮೊದಲೇ ಮಾತಾಡಿಕೊ. ಬಣ್ಣಕ್ಕೆ ಬಳಸಿದ ಬಟ್ಟಲು, ಚಮಚ ಮತ್ತೆ ಅಡುಗೆಗೆ ಹೋಗಕೂಡದು. ಬೆಳಕಿನ ವಿಷಯದಲ್ಲಿ ಪಾಶ್ಚಾತ್ಯ ಪುಸ್ತಕಗಳು ಉತ್ತರದ ಕಿಟಕಿಯನ್ನು ಹೊಗಳುತ್ತವೆ, ಅಲ್ಲಿಂದ ನೇರ ಬಿಸಿಲು ಬರುವುದಿಲ್ಲವೆಂದು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮಗೆ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಹಾಗಾಗಿ ದಿಕ್ಕಿನ ಚಿಂತೆ ಬಿಟ್ಟು ಹಳೆಯ ಬಿಳಿ ಪಂಚೆಯೊಂದನ್ನು ಕಿಟಕಿಗೆ ಕಟ್ಟು. ಬೆಳಕು ಮೆತ್ತಗಾಗುತ್ತದೆ, ಅಷ್ಟು ಸಾಕು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಹಿಟ್ಟಿನ ಅಂಟಿನ ಕೆಲಸ ಮುಂದೂಡಿ. ಬೂಷ್ಟು ನಿಮಗಿಂತ ಬೇಗ ಕೆಲಸ ಮುಗಿಸುತ್ತದೆ. ಆ ತಿಂಗಳುಗಳು ಹೊಲಿಗೆಗೆ, ಇದ್ದಿಲಿಗೆ, ಮೇಣಕ್ಕೆ ಒಳ್ಳೆಯವು.

ಅಂಟಿಸುವುದನ್ನು ಕಡೆಗಣಿಸಬೇಡ. ಮಿಶ್ರ ಮಾಧ್ಯಮದ ಅರ್ಧ ಕಸುಬು ಅದರಲ್ಲೇ ಇದೆ. ಒಂದು ದಿನಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿ, ಸಾಮಾನ್ಯವಾಗಿ ನೇರವಾಗಿ ಹರಿಯುತ್ತದೆ. ಅಡ್ಡಕ್ಕೆ ಹರಿ, ಹಲ್ಲುಹಲ್ಲಾಗಿ ಎಲ್ಲೆಲ್ಲೋ ಹೋಗುತ್ತದೆ. ಕಾಗದದ ನಾರು ಯಾವ ಕಡೆಗೆ ಮಲಗಿದೆ ಎಂದು ಬೆರಳಿಗೆ ತಿಳಿಯುವುದು ಹೀಗೆ. ಒದ್ದೆಯಾದಾಗ ಕಾಗದ ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ಅಂಟು ಹಚ್ಚಿದ ಕೂಡಲೇ ಒತ್ತಿಬಿಟ್ಟರೆ ಅದು ಆಮೇಲೆ ಹಿಗ್ಗಿ ಗುಳ್ಳೆ ಏಳುತ್ತದೆ. ಒಂದು ನಿಮಿಷ ಹಾಗೇ ಬಿಡು, ಹಿಗ್ಗಿ ಮುಗಿಯಲಿ. ಆಮೇಲೆ ಇಟ್ಟು, ನಡುವಿನಿಂದ ಅಂಚಿಗೆ ಹತ್ತಿಬಟ್ಟೆಯಿಂದ ಒತ್ತುತ್ತಾ ಹೋಗು. ರಟ್ಟಿನ ಒಂದೇ ಮುಖಕ್ಕೆ ಕಾಗದ ಅಂಟಿಸಿದರೆ ಒಣಗುವಾಗ ಎಳೆದು ಬಾಗಿಸುತ್ತದೆ. ಹಿಂಬದಿಗೂ ಅದೇ ಬಗೆಯ ಕಾಗದ ಅಂಟಿಸು, ಎರಡೂ ಎಳೆತಗಳು ಸರಿದೂಗುತ್ತವೆ. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಭಾರ. ಹಿಂದೆ ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹುಳು ಬೀಳದಿರಲೆಂದು ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಅದರ ಸಹವಾಸ ಬೇಡ, ಫೆವಿಕಾಲ್ ಸಾಕು. ಬಣ್ಣಗಳಲ್ಲೂ ಒಂದು ಕ್ರಮ ಇದೆ: ಒಣಗಿದ ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ಕೂರುತ್ತದೆ, ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಕೂರುವುದಿಲ್ಲ, ಇಂದಲ್ಲ ನಾಳೆ ಸಿಪ್ಪೆಯೇಳುತ್ತದೆ. ಎಣ್ಣೆಯಂತೆ ಮೇಣವೂ ನೀರಿಗೆ ಒಗ್ಗದು ಎಂಬುದನ್ನೇ ಗುಣವಾಗಿ ಬಳಸುವ ದಾರಿಯೂ ಉಂಟು. ಮೇಣದಬತ್ತಿಯ ತುದಿಯಿಂದ ಬಿಳಿ ಕಾಗದದ ಮೇಲೆ ಕಾಣದ ಗೆರೆ ಎಳೆದು, ಮೇಲೆ ಜಲವರ್ಣ ಹರಿಸು. ಗೆರೆ ಬಿಳಿಯಾಗಿ ಎದ್ದು ಬರುತ್ತದೆ.

ಏನನ್ನು ಅಂಟಿಸಬೇಕು? ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಈಗ ಅಂಗಡಿಗಳಲ್ಲಿ ಹಳೆಯದರಂತೆ ಕಾಣುವ ಅಂಚೆಚೀಟಿ, ಪತ್ರ, ಟಿಕೆಟ್‌ಗಳ ಪೊಟ್ಟಣ ಸಿಗುತ್ತದೆ. ಎಲ್ಲೋ ಅಚ್ಚಾದ, ಯಾರ ಬದುಕಿನಲ್ಲೂ ಓಡಾಡದ ಕಾಗದ ಅದು. ಮೊದಲ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಹ್ಯಾನೋವರ್‌ನಲ್ಲಿ ಕುರ್ಟ್ ಶ್ವಿಟರ್ಸ್ ಟ್ರಾಮ್ ಟಿಕೆಟ್, ಸುತ್ತುಕಾಗದ, ಮರದ ಚೂರು ಆಯ್ದು ಕೊಲಾಜ್ ಮಾಡಿದ. ಅವು ಅವನ ಊರಿನವು, ಅವನ ಕಾಲದವು. ನಿನ್ನ ಕಾಲದ ಕಾಗದ ನಿನ್ನ ಜೇಬಿನಲ್ಲೇ ಇದೆ. ಯಂತ್ರದಿಂದ ಹರಿದು ಕೊಡುವ ಬಸ್ ಟಿಕೆಟ್ ಹೆಚ್ಚಾಗಿ ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಶ್ವಿಟರ್ಸ್ ಅಂಟಿಸಿದ ಟಿಕೆಟಿನ ಅಕ್ಷರ ನೂರು ವರ್ಷದ ಮೇಲೂ ಓದಲು ಬರುತ್ತದೆ. ನಿನ್ನ ಟಿಕೆಟಿನ ಅಕ್ಷರ ನಿಧಾನವಾಗಿ ಮಾಸಿಹೋಗುತ್ತದೆ. ಹಾಗಾದರೆ ಮಾಸುವುದನ್ನೇ ಚಿತ್ರದ ಭಾಗ ಮಾಡು. ಬಿಸಿ ಚಮಚದ ಹಿಂಬದಿಯನ್ನು ಅದಕ್ಕೆ ತಾಗಿಸು, ತಾಗಿದಲ್ಲಿ ಕಪ್ಪು ಮೂಡುತ್ತದೆ. ಶಾಯಿ ಇಲ್ಲದೆ ಚಿತ್ರ ಬರೆದಂತೆ. ಕೆಲಸವಾದ ಮೇಲೆ ಕೈ ತೊಳೆದುಕೊ.

ಅಜ್ಜನ ಪತ್ರ, ಒಂದೇ ಒಂದು ಇರುವ ಮದುವೆ ಫೋಟೋ, ಇವುಗಳಿಗೆ ಕತ್ತರಿ ಹಾಕಬೇಡ. ಲೇಸರ್ ಪ್ರತಿ ತೆಗೆಸು. ಇಂಕ್‌ಜೆಟ್ ಪ್ರತಿಯಾದರೆ ಸಾಮಾನ್ಯವಾಗಿ ಒದ್ದೆಯಾದೊಡನೆ ಶಾಯಿ ಹರಡುತ್ತದೆ, ಲೇಸರಿನದು ಹರಡುವುದಿಲ್ಲ. ಇನ್ನೊಂದು ಮಾತು: ವಸ್ತು ಹಳೆಯದು, ಮನಸ್ಸಿಗೆ ಹತ್ತಿರದ್ದು ಎಂದಮಾತ್ರಕ್ಕೆ ಚಿತ್ರ ಆಗುವುದಿಲ್ಲ. ನಿನಗೆ ಅದರ ಕಥೆ ಗೊತ್ತು, ನೋಡುವವರಿಗೆ ಗೊತ್ತಿಲ್ಲ. ಅವರಿಗೆ ಕಾಣುವುದು ಅದರ ಬಣ್ಣ, ಮಡಿಕೆ, ಅಂಚು. ಅಷ್ಟರಿಂದಲೇ ಅದು ನಿಲ್ಲುವಂತಿರಬೇಕು.

ಬಿನೋದ್ ಬಿಹಾರಿ ಮುಖರ್ಜಿ ಶಾಂತಿನಿಕೇತನದ ದೊಡ್ಡ ಭಿತ್ತಿಚಿತ್ರಕಾರರು. 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಅವರ ದೃಷ್ಟಿ ಪೂರ್ತಿ ಹೋಯಿತು. ಆಮೇಲೆ ಅವರು ಬಣ್ಣದ ಕಾಗದ ಕತ್ತರಿಸಿ ಕೊಲಾಜ್ ಮಾಡಿದರು, ಮೇಣದ ಪುಟ್ಟ ಆಕೃತಿಗಳನ್ನು ಮಾಡಿದರು. ಕೈಬೆರಳಿಗೆ ಅಂಚು ಸಿಗುತ್ತದೆ, ಒಂದರ ಮೇಲೊಂದು ಬಿದ್ದಲ್ಲಿ ದಪ್ಪ ಸಿಗುತ್ತದೆ. ಆ ಕೊಲಾಜ್‌ಗಳು ಎಷ್ಟು ನಿಚ್ಚಳ, ಎಷ್ಟು ಲವಲವಿಕೆಯವು! ನಿನ್ನ ಕೆಲಸದ ಮೇಲೂ ಆಗಾಗ ಕಣ್ಣು ಮುಚ್ಚಿ ಕೈಯಾಡಿಸು. ಎಲ್ಲ ಕಡೆ ಒಂದೇ ಬಗೆಯ ಒರಟು ಇದ್ದರೆ ಎಲ್ಲೋ ಒಂದಷ್ಟು ಬರಿಜಾಗ ಬಿಡಬೇಕಿದೆ ಎಂದರ್ಥ.

ಮಾಡುತ್ತಿರುವಾಗಲೇ ಹಂತ ಹಂತದ ಫೋಟೋ ತೆಗೆದು ಎಲ್ಲರಿಗೂ ಕಳಿಸುವ ರೂಢಿ ಈಗ ಬಂದಿದೆ. ಅದನ್ನು ಸ್ವಲ್ಪ ತಡೆದುಕೊ. ಅರ್ಧ ಆದದ್ದಕ್ಕೆ ಮೆಚ್ಚುಗೆ ಬಂದರೆ, ಆ ಮೆಚ್ಚಿದ ಭಾಗವನ್ನು ಅಳಿಸುವ ಧೈರ್ಯ ಆಮೇಲೆ ಇರುವುದಿಲ್ಲ. ಅಳಿಸಲೇಬೇಕಾದ ಭಾಗ ಎಷ್ಟೋ ಸಲ ಅದೇ ಆಗಿರುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಒಂದು ದೊಡ್ಡ ಸುಖವಿದೆ, ಅಂಕ ಹಾಕುವವರು ಇಲ್ಲ, ಗಂಟೆ ಹೊಡೆಯುವವರು ಇಲ್ಲ. ಚಿತ್ರವನ್ನು ಗೋಡೆಗೆ ಮುಖಮಾಡಿ ವಾರ ಬಿಟ್ಟು ನೋಡಬಹುದು. ಜನವರಿಯ ಚಿತ್ರಸಂತೆಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಹೋಗು, ಬೇರೆಯವರದ್ದನ್ನು ಕಣ್ತುಂಬ ನೋಡು, ನಿನ್ನದನ್ನು ಅಲ್ಲಿ ಇಡುವ ಅವಸರ ಬೇಡ. ಪ್ರತಿಯೊಂದು ಕೆಲಸದ ಹಿಂಬದಿಯಲ್ಲಿ ಏನೇನು ಬಳಸಿದೆ, ಯಾವ ಕ್ರಮದಲ್ಲಿ, ಯಾವ ತಿಂಗಳು ಎಂದು ಪೆನ್ಸಿಲಿನಲ್ಲಿ ಬರೆದಿಡು. ನಿನಗೆ ಬೇಕಾಗುವ ಪಠ್ಯಪುಸ್ತಕ ಹಾಗೇ ಬೆಳೆಯುತ್ತದೆ.

ಮಲೆನಾಡಿನ ನೆಂಟರು ಯಾರಾದರೂ ಇದ್ದರೆ ಅಡಿಕೆ ಬೇಯಿಸಿದ ಚೊಗರು ಒಂದು ಬಾಟಲಿ ತರಿಸಿಕೊ. ಕಾಗದಕ್ಕೆ ಬಳಿದರೆ ಕೆಂಗಂದು ಬಣ್ಣ. ಇನ್ನೊಂದು ಕಡೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ಹಾಕಿ, ಬಿಗಿಯಾಗಿ ಮುಚ್ಚದೆ ಕೆಲವು ದಿನ ಇಡು. ಆ ನೀರಿನಲ್ಲಿ ಅದ್ದಿದ ಕುಂಚ ಒಣಗಿದ ಚೊಗರನ್ನು ಮುಟ್ಟಿದಲ್ಲೆಲ್ಲ ಬಣ್ಣ ಕಪ್ಪಿಗೆ ತಿರುಗುತ್ತದೆ. ಚೊಗರಿನ ಒಗರೂ ಕಬ್ಬಿಣವೂ ಕೂಡಿ ಆಗುವ ಕಪ್ಪು ಅದು. ಅಳಲೆಕಾಯಿ, ಅನ್ನಭೇದಿ ಸೇರಿಸಿ ಹಿಂದಿನವರು ಮಾಡುತ್ತಿದ್ದ ಶಾಯಿಯ ಗುಟ್ಟೂ ಇದೇ. ತುಕ್ಕಿನ ನೀರು ಹೆಚ್ಚಾದರೆ ವರ್ಷಗಳು ಕಳೆದಂತೆ ಕಾಗದವನ್ನು ತಿನ್ನುತ್ತದೆ, ಆದ್ದರಿಂದ ತೆಳುವಾಗಿರಲಿ. ದಾಳಿಂಬೆ ಸಿಪ್ಪೆಯ ಕಷಾಯಕ್ಕೂ ಇದೇ ತುಕ್ಕಿನ ನೀರು ತಾಗಿಸಿದರೆ ಹಸಿರು ಸೇರಿದ ಬೂದು ಬರುತ್ತದೆ. ಖಾದಿ ಬಟ್ಟೆಯ ಮೇಲೆ ಅದು ಹೇಗೆ ಕೂರುತ್ತದೆ, ಅದರ ಮೇಲೆ ಮೇಣದ ಗೆರೆ ನಿಲ್ಲುತ್ತದೆಯೇ ಎಂದು ನಾನಿನ್ನೂ ನೋಡಿಲ್ಲ. ಸಿಪ್ಪೆ ಒಣಗಿಸಿಟ್ಟಿದ್ದೇನೆ. ನೀನು ಬಟ್ಟೆಯ ಮೇಲೆ ಮಾಡು, ನಾನು ಕೈಕಾಗದದ ಮೇಲೆ ಮಾಡುತ್ತೇನೆ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ.