ಚಳಿಗಾಲದ ಬಯಲು ಊಟ: ಅಂಗಳದ ಸಿದ್ಧತೆ, ಅಲಂಕಾರ ಮತ್ತು ಬೆಂಕಿಯ ಎಚ್ಚರ



ಉತ್ಥಾನ ದ್ವಾದಶಿಯಂದು ನಮ್ಮ ಮನೆಗಳಲ್ಲಿ ತುಳಸಿ ಪೂಜೆ. ಅದರ ಹಿಂದಿನ ದಿನ, ಏಕಾದಶಿಯಂದೇ, ಉತ್ತರ ಭಾರತದವರ ಮದುವೆಯ ಸುಗ್ಗಿ ಶುರುವಾಗುತ್ತದೆ. ಅಲ್ಲಿಂದ ಡಿಸೆಂಬರ್ ಮಧ್ಯದವರೆಗೆ, ಅಂದರೆ ಧನುರ್ಮಾಸ ಹಿಡಿಯುವವರೆಗೆ ಒಂದು ಕಂತು. ಮಕರ ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಕಂತು. ಎರಡೂ ಚಳಿಯಲ್ಲೇ ಬರುತ್ತವೆ. ಎರಡರಲ್ಲೂ ಊಟ ಹೆಚ್ಚಾಗಿ ಹುಲ್ಲುಹಾಸಿನ ಮೇಲೆ, ಫಾರ್ಮ್‌ಹೌಸಿನ ಅಂಗಳದಲ್ಲಿ, ಇಲ್ಲವೇ ಮನೆಯ ತಾರಸಿಯಲ್ಲಿ. ದಿಲ್ಲಿಯ ನಮ್ಮ ಸದಸ್ಯರಿಗೆ ಇದು ಹೊಸತಲ್ಲ. ಆದರೆ ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈಗಳಿಂದಲೂ ಈಗ ನಮ್ಮವರು ಉತ್ತರದ ಮದುವೆಗಳಿಗೆ ತಂಡ ಕಟ್ಟಿಕೊಂಡು ಹೋಗುತ್ತಿದ್ದಾರೆ. ಕರಾವಳಿಯಿಂದ ನೇರವಾಗಿ ರೈಲಿನಲ್ಲಿ ಬಂದಿಳಿದ ಹುಡುಗರಿಗೆ 5 ಡಿಗ್ರಿಯ ಚಳಿ ಎಂದರೇನು ಎಂಬ ಕಲ್ಪನೆಯೂ ಇರುವುದಿಲ್ಲ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠ ಬರೆಯುತ್ತಿದ್ದೇವೆ.

ಮೊದಲು ಜಾಗ ನೋಡುವ ವಿಚಾರ. ಬೇಸಿಗೆಯಲ್ಲಿ ಜಾಗ ನೋಡಲು ಹೋದಾಗ ನೆರಳು ಹುಡುಕುತ್ತೇವೆ, ಚಳಿಗಾಲದಲ್ಲಿ ಗಾಳಿಯ ದಿಕ್ಕು ಹುಡುಕಬೇಕು. ದಿಲ್ಲಿಯ ಕಡೆ ಚಳಿಗಾಲದ ಗಾಳಿ ಬಹುಪಾಲು ವಾಯವ್ಯದಿಂದ ಬೀಸುತ್ತದೆ. ಆದ್ದರಿಂದ ಪಶ್ಚಿಮ ಮತ್ತು ಉತ್ತರಕ್ಕೆ ಕನಾತು ಕಟ್ಟಿಸಿ, ಪೂರ್ವ ಮತ್ತು ದಕ್ಷಿಣವನ್ನು ತೆರೆದು ಬಿಡುವುದು ಸರಿಯಾದ ಕ್ರಮ. ಹಗಲಿನ ಊಟವಾದರೆ ದಕ್ಷಿಣ ತೆರೆದಿರುವುದರಿಂದ ಇನ್ನೊಂದು ಲಾಭವಿದೆ. ಡಿಸೆಂಬರಿನಲ್ಲಿ ಸೂರ್ಯ ದಿಲ್ಲಿಯಲ್ಲಿ ಮಧ್ಯಾಹ್ನ ಕೂಡ ಸುಮಾರು 38 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಹತ್ತು ಅಡಿ ಎತ್ತರದ ಚಪ್ಪರವಾದರೆ ದಕ್ಷಿಣದ ಬಿಸಿಲು ಹನ್ನೆರಡು ಹದಿಮೂರು ಅಡಿ ಒಳಗೆ ಬಂದು ಬೀಳುತ್ತದೆ. ಊಟದ ಮೇಜುಗಳ ಮೊದಲ ಎರಡು ಸಾಲನ್ನು ಅಲ್ಲೇ ಹಾಕಿ, ಹಿರಿಯರನ್ನು ಕೂರಿಸಿ. ಖರ್ಚಿಲ್ಲದ ಹೀಟರ್ ಅದು.

ನೆಲದ ಬಗ್ಗೆ ಟೆಂಟಿನವರು ತಲೆ ಕೆಡಿಸಿಕೊಳ್ಳುವುದಿಲ್ಲ, ನಾವು ಕೆಡಿಸಿಕೊಳ್ಳಬೇಕು. ಸಂಜೆ ಕತ್ತಲಾಗುತ್ತಿದ್ದಂತೆ ಇಬ್ಬನಿ ಇಳಿಯತೊಡಗುತ್ತದೆ. ರಾತ್ರಿ ಒಂಬತ್ತಕ್ಕೆ, ಅಂದರೆ ಊಟ ಶುರುವಾಗುವ ಹೊತ್ತಿಗೆ, ಹುಲ್ಲು ಒದ್ದೆ. ಹುಲ್ಲಿನ ಮೇಲೆ ನೇರವಾಗಿ ಹಾಸಿದ ಕಾರ್ಪೆಟ್ ನೀರು ಕುಡಿದು ಕಾಲಿಗೆ ಚಳಿ ಹತ್ತಿಸುತ್ತದೆ. ಪ್ಲೈವುಡ್ ಹಲಗೆಯ ಮೇಲೆ ಜಮಖಾನ, ಅದರ ಮೇಲೆ ಕಾರ್ಪೆಟ್ ಎಂದು ಮೂರು ಪದರ ಕೇಳಿ. ಪೂರ್ತಿ ಜಾಗಕ್ಕೆ ಆಗದಿದ್ದರೆ ಊಟದ ಜಾಗಕ್ಕೆ ಮತ್ತು ಬಡಿಸುವವರು ಓಡಾಡುವ ದಾರಿಗಾದರೂ ಆಗಲಿ. ಬಿಸಿ ಸಾರಿನ ಬಕೆಟ್ಟು ಹಿಡಿದವನು ಒದ್ದೆ ನೆಲದಲ್ಲಿ ಜಾರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗೆಯೇ ದೀಪದ ವಯರುಗಳ ಜೋಡಣೆ ನೆಲದ ಮೇಲೆ ಬೀಳದಂತೆ ಎತ್ತಿ ಕಟ್ಟಿಸಬೇಕು. ಇಬ್ಬನಿಯಲ್ಲಿ ನೆನೆದ ಜೋಡಣೆಯಿಂದ ಕಬ್ಬಿಣದ ಕಂಬಕ್ಕೆ ಕರೆಂಟು ಇಳಿಯಬಹುದು. ಮುಖ್ಯ ಬೋರ್ಡಿಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಬ್ರೇಕರ್ ಇದೆಯೇ ಎಂದು ಕೇಳಿ, ಅದರ ಪರೀಕ್ಷಾ ಗುಂಡಿಯನ್ನು ನಿಮ್ಮೆದುರೇ ಒತ್ತಿಸಿ ನೋಡಿ.

ಅಲಂಕಾರದ ಬಗ್ಗೆ

ಬಿಳಿ ಬಟ್ಟೆ, ನೀಲಿ ದೀಪ ಬೇಸಿಗೆಗೆ ಚೆಂದ. ಚಳಿಯಲ್ಲಿ ಅದೇ ಜಾಗ ಇನ್ನಷ್ಟು ತಣ್ಣಗೆ ಕಾಣಿಸುತ್ತದೆ. ಕುಂಕುಮ, ಕೇಸರಿ, ಅರಿಶಿನ, ಕಂದು ಬಣ್ಣಗಳನ್ನು ಆರಿಸಿ. ದೀಪಗಳೂ ಹಳದಿ ಬೆಳಕಿನವೇ ಇರಲಿ. ಮಂಜು ಕವಿದ ರಾತ್ರಿ ಎತ್ತರದಿಂದ ಬಿಡುವ ಬಿಳಿ ಫ್ಲಡ್‌ಲೈಟು ಮಂಜಿನಲ್ಲೇ ಚೆದುರಿ ಹಾಲಿನ ಪರದೆಯಂತಾಗುತ್ತದೆ, ಎಲೆಯ ಮೇಲೇನಿದೆ ಎಂದು ಕಾಣುವುದಿಲ್ಲ. ತಲೆಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, ಮೇಜಿನ ಹತ್ತಿರ, ಚಿಕ್ಕ ಚಿಕ್ಕ ದೀಪ ಹೆಚ್ಚು ಸಂಖ್ಯೆಯಲ್ಲಿದ್ದರೆ ಊಟವೂ ಕಾಣುತ್ತದೆ, ಮುಖಗಳೂ ಕಾಣುತ್ತವೆ.

ಹೂವಿನ ವಿಷಯದಲ್ಲಿ ಚಳಿಗಾಲ ನಮ್ಮ ಕಡೆಗಿದೆ. ಚೆಂಡುಹೂವು, ಸೇವಂತಿಗೆ, ಗ್ಲಾಡಿಯೋಲಸ್ ಎಲ್ಲ ಈ ಕಾಲಕ್ಕೆ ಗಾಜೀಪುರದ ಹೂವಿನ ಮಾರುಕಟ್ಟೆಯಲ್ಲಿ ಧಾರಾಳ, ಬಾಡುವುದೂ ನಿಧಾನ. ಮಲ್ಲಿಗೆಯೇ ಬೇಕೆಂದು ಹಟ ಹಿಡಿಯುವ ನಮ್ಮವರ ಮನೆಯ ಮದುವೆಗೆ ಮಾತ್ರ ದಕ್ಷಿಣದಿಂದ ತರಿಸುವ ಖರ್ಚನ್ನು ಮೊದಲೇ ಹೇಳಿಬಿಡಿ. ಮಾಲೆಗಳನ್ನು ಹೀಟರಿನಿಂದ ದೂರ ಕಟ್ಟಬೇಕು, ಇಲ್ಲವಾದರೆ ಒಂದು ಗಂಟೆಯಲ್ಲಿ ಒಣಗಿ ತರಗೆಲೆಯಾಗುತ್ತವೆ. ಒಣಗಿದ ಮಾಲೆ ಬೆಂಕಿಗೆ ಒಳ್ಳೆಯ ಸೌದೆ. ಮೇಜಿನ ಮೇಲೆ ಬೆಂಕಿಕಡ್ಡಿ ಗೀರುವ ಅಲಂಕಾರ ಏನೂ ಬೇಡ. ಹಣತೆ ಬೇಕೆಂದರೆ ತೆರೆದ ಜಾಗದಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಇಡಿಸಿ.

ನಮ್ಮ ಕೈಯಲ್ಲೇ ಇರುವ ಒಳ್ಳೆಯ ಅಲಂಕಾರ ಎಂದರೆ ದೋಸೆಯ ಕಾವಲಿ. ಚಳಿಯಲ್ಲಿ ಜನ ಬಿಸಿ ಇದ್ದಲ್ಲಿ ಗುಂಪು ಸೇರುತ್ತಾರೆ. ದೋಸೆ, ಬಿಸಿ ಜಿಲೇಬಿ, ಸಣ್ಣ ಲೋಟದಲ್ಲಿ ಮೆಣಸಿನ ಸಾರು, ಫಿಲ್ಟರ್ ಕಾಫಿ ಇವುಗಳನ್ನು ಒಂದು ಮೂಲೆಗೆ ತಳ್ಳದೆ ಗಾಳಿ ಬರುವ ಬದಿಗೆ ಬೆನ್ನು ಕೊಟ್ಟು ಸಾಲಾಗಿ ನಿಲ್ಲಿಸಿದರೆ, ಕೌಂಟರುಗಳೇ ಗಾಳಿಗೆ ಗೋಡೆಯಾಗುತ್ತವೆ. ಒಲೆಗೂ ಹಿಂದಿನ ಬಟ್ಟೆಗೂ ನಡುವೆ ಐದಡಿ ಜಾಗ ಬಿಟ್ಟು, ತಗಡಿನ ಹಾಳೆಯೊಂದನ್ನು ಅಡ್ಡ ನಿಲ್ಲಿಸುವುದು ಕಡ್ಡಾಯ.

ಬಾಳೆಲೆ ಊಟದ ಬಗ್ಗೆ ನಮ್ಮ ಅಭಿಪ್ರಾಯ ಖಡಾಖಂಡಿತ. ಹಗಲು ಬಿಸಿಲಿನಲ್ಲಾದರೆ ಸಂತೋಷದಿಂದ ಒಪ್ಪಿಕೊಳ್ಳಿ. ಜನವರಿಯ ರಾತ್ರಿ ಬಯಲಿನಲ್ಲಿ ಒಪ್ಪಿಕೊಳ್ಳಬೇಡಿ. ಎಲೆಗೆ ಬಿದ್ದ ತುಪ್ಪ ಅನ್ನದ ಮೇಲೇ ಹೆಪ್ಪುಗಟ್ಟುತ್ತದೆ, ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವ ಪದಾರ್ಥ, ಅವಿಯಲಿನ ಗತಿ ಹೇಳುವುದೇ ಬೇಡ. ಹೆಸರು ಕೆಡುವುದು ಅಡುಗೆ ಭಟ್ಟರದು. ಬಫೆಯಲ್ಲಿಯೂ ಪದಾರ್ಥ 60 ಡಿಗ್ರಿಗಿಂತ ಕೆಳಗಿಳಿಯದಂತೆ ಪಾತ್ರೆಯ ಕೆಳಗಿನ ನೀರನ್ನು ಕುದಿಸಿಯೇ ಹಾಕಬೇಕು. ತಣ್ಣೀರು ಹಾಕಿ ಜೆಲ್ ಡಬ್ಬಿಯ ಉರಿಯಲ್ಲಿ ಬಿಸಿಯಾಗಲಿ ಎಂದು ಕಾದರೆ ಊಟ ಮುಗಿಯುವ ಹೊತ್ತಿಗೆ ಅದು ಬಿಸಿಯಾಗುತ್ತದೆ!

ಹೀಟರ್ ಮತ್ತು ಅಗ್ಗಿಷ್ಟಿಕೆ

ಇನ್ನು ಈ ಪಾಠದ ಮುಖ್ಯ ಭಾಗಕ್ಕೆ ಬರೋಣ.

ಗಿರಾಕಿಗಳು ಕೇಳುವುದು ಸಾಮಾನ್ಯವಾಗಿ ಎರಡು: ನಾಲ್ಕೂ ಕಡೆ ಪೂರ್ತಿ ಮುಚ್ಚಿದ ಪೆಂಡಾಲು, ಒಳಗೆ ಕೆಂಡದ ಅಗ್ಗಿಷ್ಟಿಕೆ. ದಿಲ್ಲಿಯವರು ಇದನ್ನು ಅಂಗೀಠಿ ಎನ್ನುತ್ತಾರೆ. ಎರಡರಲ್ಲಿ ಒಂದನ್ನು ಕೊಡಬಹುದು, ಎರಡನ್ನೂ ಒಟ್ಟಿಗೆ ಕೊಡಕೂಡದು. ಕಾರಣ ಇಷ್ಟು. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೊಗೆ ನಿಂತು ಕೆಂಪಗಾದ ಕೆಂಡ ನಿರಪಾಯ ಎಂಬ ನಂಬಿಕೆ ನಮ್ಮ ಅಡುಗೆಯವರಲ್ಲಿ ಬಹಳ ಇದೆ. ಅದು ತಪ್ಪು. ಹೊಗೆ ಇಲ್ಲದ ಕೆಂಡದಿಂದಲೂ ಈ ಅನಿಲ ಬರುತ್ತಲೇ ಇರುತ್ತದೆ, ಹೊಗೆ ಇಲ್ಲದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ ಅಷ್ಟೆ.

ಅತಿಥಿಗಳು ಎರಡು ಗಂಟೆ ಇದ್ದು ಹೋಗುತ್ತಾರೆ. ಅಪಾಯ ಹೆಚ್ಚಿರುವುದು ನಮ್ಮ ಹುಡುಗರಿಗೆ. ರಾತ್ರಿ ಎರಡಕ್ಕೆ ಪಾತ್ರೆ ತೊಳೆದು ಮುಗಿಸಿ, ಅಡುಗೆಯ ಟೆಂಟಿನ ನಾಲ್ಕು ಬದಿಯೂ ಇಳಿಬಿಟ್ಟು, ಉಳಿದ ಕೆಂಡವನ್ನು ತಗಡಿನ ತಟ್ಟೆಯಲ್ಲಿ ಮಧ್ಯಕ್ಕಿಟ್ಟುಕೊಂಡು ಎಂಟು ಹತ್ತು ಮಂದಿ ಮಲಗುವುದು ಎಲ್ಲ ಕಡೆ ಕಾಣುವ ದೃಶ್ಯ. ಉತ್ತರ ಭಾರತದ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿ ಬೆಳಗ್ಗೆ ಏಳದವರ ಸುದ್ದಿ ಬರುತ್ತದೆ. ನಿದ್ದೆಯಲ್ಲಿದ್ದವನಿಗೆ ಎಚ್ಚರಿಕೆಯ ಲಕ್ಷಣ ತಿಳಿಯುವುದೇ ಇಲ್ಲ. ಎಚ್ಚರವಿದ್ದವನಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬರಬಹುದು. ಒಂದೇ ಟೆಂಟಿನಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಎಂದರೆ ಊಟ ಹೆಚ್ಚಾಯಿತು, ನಿದ್ದೆ ಕಡಿಮೆಯಾಯಿತು ಎನ್ನುತ್ತಾ ಕೂರಬೇಡಿ. ತಕ್ಷಣ ಎಲ್ಲರನ್ನೂ ಹೊರಗೆ ಗಾಳಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿ, ಕೆಂಡದ ಹೊಗೆಯ ಸಂಶಯವಿದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಆಮ್ಲಜನಕ ಕೊಡುವುದೇ ಅದಕ್ಕೆ ಚಿಕಿತ್ಸೆ.

ಆದ್ದರಿಂದ ಗುತ್ತಿಗೆ ಮಾತಾಡುವಾಗಲೇ ಹುಡುಗರು ಮಲಗಲು ಒಂದು ಕೋಣೆ, ಜನಕ್ಕೆರಡು ರಜಾಯಿ ಎಂದು ಕೇಳಿ ಬರೆಸಿಕೊಳ್ಳಿ. ವರನ ಕಡೆಯ ಬ್ಯಾಂಡಿನವರಿಗೆ ಜಾಗ ಮಾಡಿಕೊಡುವ ಯಜಮಾನರು ಅಡುಗೆಯವರಿಗೂ ಮಾಡಿಕೊಡುತ್ತಾರೆ, ಕೇಳಿದರೆ. ಬಿಳಿ ಪಂಚೆ ಶಲ್ಯದ ಉಡುಪು ಫೋಟೋಕ್ಕೆ ಚೆಂದ, ಒಳಗೆ ಉಣ್ಣೆಯ ಬನಿಯನ್ ಹಾಕಿಸಿ. ಒಲೆಯ ಮುಂದೆ ನಿಲ್ಲುವವರಿಗೆ ಸಿಂಥೆಟಿಕ್ ಸ್ವೆಟರ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಪಾತ್ರೆ ತೊಳೆಯುವವರಿಗೆ ಒಂದು ಹಂಡೆ ಬಿಸಿನೀರು ಕಡೆಯವರೆಗೂ ಇರಲಿ.

ಗ್ಯಾಸಿನ ಛತ್ರಿ ಹೀಟರುಗಳದು ಬೇರೆ ಲೆಕ್ಕ. ಅವು ಗಾಳಿಯನ್ನು ಬಿಸಿ ಮಾಡುವುದಕ್ಕಿಂತ ಹೆಚ್ಚಾಗಿ ಎದುರಿಗಿರುವ ಮನುಷ್ಯನನ್ನು ಬಿಸಿ ಮಾಡುತ್ತವೆ. ಎಂಟು ಹತ್ತು ಅಡಿಯಾಚೆ ಅವುಗಳ ಪ್ರಯೋಜನ ಕಡಿಮೆ. 13 ಕಿಲೋವ್ಯಾಟಿನ ಹೀಟರ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ತಿನ್ನುತ್ತದೆ. ಎಂಟು ಹೀಟರ್ ನಾಲ್ಕು ಗಂಟೆ ಉರಿದರೆ 32 ಕಿಲೋ. ಈ ಖರ್ಚನ್ನು ಪ್ಲೇಟಿನ ದರದಲ್ಲಿ ಅಡಗಿಸದೆ ಬೇರೆಯಾಗಿಯೇ ಬರೆಯಿರಿ. 19 ಕಿಲೋದ ವಾಣಿಜ್ಯ ಸಿಲಿಂಡರನ್ನೇ ಬಳಸಬೇಕು, ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ಕಾನೂನಿಗೆ ವಿರುದ್ಧ. ಹೀಟರುಗಳು ಏಳೂವರೆ ಅಡಿ ಎತ್ತರ ಇರುತ್ತವೆ, ಹತ್ತಡಿ ಪೆಂಡಾಲಿನ ಬಟ್ಟೆಗೂ ಅದಕ್ಕೂ ಎರಡೂವರೆ ಅಡಿಯಷ್ಟೇ ಅಂತರ. ಅದು ಸಾಲದು. ಹೀಟರುಗಳನ್ನು ಪೆಂಡಾಲಿನ ಅಂಚಿನಾಚೆ, ತೆರೆದ ಆಕಾಶದ ಕೆಳಗೆ, ಮಕ್ಕಳು ಓಡಾಡದ ಕಡೆ ನಿಲ್ಲಿಸಿ. ಇವುಗಳಿಗೂ ಗಾಳಿ ಬೇಕು. ಎರಡು ಬದಿಯಾದರೂ ತೆರೆದಿರಲಿ. ಪೂರ್ತಿ ಮುಚ್ಚಿದ ಪೆಂಡಾಲೇ ಬೇಕೆನ್ನುವವರಿಗೆ ಕರೆಂಟಿನ ಹೀಟರ್ ಒಂದೇ ದಾರಿ, ಅದಕ್ಕೆ ತಕ್ಕ ಕರೆಂಟಿನ ವ್ಯವಸ್ಥೆ ಅವರದು.

ಅಡುಗೆಯ ಸಿಲಿಂಡರಿನಲ್ಲೂ ಚಳಿಗೆ ಒತ್ತಡ ಇಳಿಯುತ್ತದೆ. ಎಲ್‌ಪಿಜಿಯಲ್ಲಿರುವ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ದೊಡ್ಡ ಉರಿಯಲ್ಲಿ ಗ್ಯಾಸ್ ಎಳೆಯುವಾಗ ಸಿಲಿಂಡರ್ ಹೊರಗಿನ ಹವೆಗಿಂತಲೂ ತಣ್ಣಗಾಗಿ ಮೈಮೇಲೆ ಮಂಜು ಹಿಡಿಯುತ್ತದೆ, ಒಳಗೆ ಗ್ಯಾಸ್ ಇದ್ದರೂ ಉರಿ ಸಣ್ಣಗಾಗುತ್ತದೆ. ಆಗ ಕೆಲವರು ಸಿಲಿಂಡರನ್ನು ಬಿಸಿನೀರಿನ ತೊಟ್ಟಿಯಲ್ಲಿ ನಿಲ್ಲಿಸುತ್ತಾರೆ, ಇನ್ನು ಕೆಲವರು ಪಕ್ಕದಲ್ಲಿ ಬೆಂಕಿ ಹಾಕುತ್ತಾರೆ. ಎರಡೂ ಕೂಡದು. ಒಂದರ ಬದಲು ಮೂರು ನಾಲ್ಕು ಸಿಲಿಂಡರುಗಳನ್ನು ಒಂದೇ ಪೈಪಿಗೆ ಜೋಡಿಸಿದರೆ ಪ್ರತಿಯೊಂದರ ಮೇಲೂ ಎಳೆತ ಕಡಿಮೆಯಾಗಿ ಉರಿ ಒಂದೇ ಸಮನೆ ಬರುತ್ತದೆ. ಒದ್ದೆ ನೆಲದ ಮೇಲಿಡದೆ ಮರದ ಹಲಗೆಯ ಮೇಲಿಡಿ.

ಪೆಂಡಾಲಿನ ಬೆಂಕಿಯ ಬಗ್ಗೆ ಹೇಳುವಾಗ ಹರಿಯಾಣದ ಡಬ್ವಾಲಿಯನ್ನು ನೆನೆಯದೆ ಇರಲಾಗದು. 1995ರ ಡಿಸೆಂಬರ್ 23ರಂದು ಅಲ್ಲಿನ ಮದುವೆ ಮಂಟಪವೊಂದರಲ್ಲಿ ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿತ್ತು. ಸಿಂಥೆಟಿಕ್ ಬಟ್ಟೆಯ ಪೆಂಡಾಲಿಗೆ ಬೆಂಕಿ ಹತ್ತಿ ಕೆಲವೇ ನಿಮಿಷಗಳಲ್ಲಿ 400ಕ್ಕೂ ಹೆಚ್ಚು ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು, ಸತ್ತರು. ಹೊರಹೋಗಲು ಸಾಕಷ್ಟು ದಾರಿ ಇರಲಿಲ್ಲ. ತಾತ್ಕಾಲಿಕ ಪೆಂಡಾಲುಗಳಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 8758 ಎಂಬ ನಿಯಮಾವಳಿಯೇ ಇದೆ: ಎತ್ತರ 3 ಮೀಟರಿಗಿಂತ ಕಡಿಮೆ ಇರಬಾರದು, ಸಿಂಥೆಟಿಕ್ ಬಟ್ಟೆ ಮತ್ತು ಹಗ್ಗ ಬಳಸಬಾರದು, ಸುತ್ತ 4.5 ಮೀಟರ್ ಖಾಲಿ ಜಾಗ ಬಿಡಬೇಕು. ಪೆಂಡಾಲು ನಮ್ಮದಲ್ಲ, ಟೆಂಟಿನವರದು ಎಂಬ ಮಾತು ನಿಜ. ಆದರೆ ಒಳಗಿನ ಒಲೆ ನಮ್ಮದು. ಚಳಿಗೆಂದು ಕನಾತು ಕಟ್ಟಿ ದಾರಿ ಮುಚ್ಚಿದ್ದಾರೆಯೇ ಎಂದು ಒಲೆ ಹಚ್ಚುವ ಮೊದಲು ಒಂದು ಸುತ್ತು ಬಂದು ನೋಡಿ. ಎದುರುಬದುರಾಗಿ ಎರಡು ದಾರಿಯಾದರೂ ತೆರೆದಿರದಿದ್ದರೆ ಒಲೆ ಹಚ್ಚಬೇಡಿ. ಹೀಟರಿನ ಹೊಣೆ ಯಾರದು ಎಂಬುದನ್ನೂ ಗುತ್ತಿಗೆ ಪತ್ರದಲ್ಲಿ ಬರೆಸಿಕೊಳ್ಳಿ.

ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 2017ರಿಂದ ಇನ್ನೊಂದು ಸಂಗತಿ ಸೇರಿಕೊಂಡಿದೆ. ಗಾಳಿಯ ಗುಣಮಟ್ಟ ಕೆಟ್ಟಂತೆಲ್ಲ ಹಂತ ಹಂತವಾಗಿ ನಿರ್ಬಂಧಗಳು ಜಾರಿಗೆ ಬರುತ್ತವೆ. ತಂದೂರಿಗೆ ಇದ್ದಿಲು, ಸೌದೆ ಬಳಸುವಂತಿಲ್ಲ, ಡೀಸೆಲ್ ಜನರೇಟರಿಗೂ ಕಟ್ಟುಪಾಡು ಇದೆ. ಗಾಳಿ ಹೆಚ್ಚು ಕೆಡುವುದು ನವೆಂಬರ್‌ನಿಂದ ಜನವರಿಯವರೆಗೆ, ಅಂದರೆ ನಮ್ಮ ಸುಗ್ಗಿಯಲ್ಲೇ. ಹಿಂದಿನ ದಿನವೇ ಆ ಹೊತ್ತಿನ ಆದೇಶ ವಿಚಾರಿಸಿಕೊಂಡು, ಗ್ಯಾಸಿನ ಇಲ್ಲವೇ ಕರೆಂಟಿನ ತಂದೂರು ಸಿದ್ಧವಿಟ್ಟುಕೊಳ್ಳುವುದು ಲೇಸು.

ಪುಣೆ, ಹೈದರಾಬಾದಿನ ಸದಸ್ಯರಿಗೆ ಇದರಲ್ಲಿ ಅರ್ಧ ಸಾಕು. ಅಲ್ಲಿ ಕನಾತು ಮತ್ತು ಬಿಸಿ ಕೌಂಟರುಗಳಿಂದ ಕೆಲಸ ನಡೆಯುತ್ತದೆ. ಮುಂಬಯಿಯಲ್ಲಿ ಹೀಟರ್ ಇಡುವುದು ಬರೀ ಶೋಕಿ. ಚೆನ್ನೈಯವರಿಗೆ ಡಿಸೆಂಬರಿನಲ್ಲಿ ಚಳಿಗಿಂತ ಮಳೆಯದೇ ಚಿಂತೆ, ಅದನ್ನು ಬೇರೆಯಾಗಿಯೇ ಬರೆಯಬೇಕು.

ಕಡೆಯದಾಗಿ ಸಾಮಾನು ಕಟ್ಟುವ ಹೊತ್ತು. ಹೀಟರುಗಳನ್ನು ಆರಿಸುವಾಗ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ, ಪೈಪಿನಲ್ಲಿರುವುದು ಉರಿದು ಮುಗಿದ ಮೇಲೆ ಗುಂಡಿ ತಿರುಗಿಸಿ. ಅರ್ಧ ಗಂಟೆ ತಣ್ಣಗಾಗದೆ ಟೆಂಪೋಗೆ ಏರಿಸಬೇಡಿ. ತಂದೂರು, ಅಗ್ಗಿಷ್ಟಿಕೆಯಲ್ಲಿ ಉಳಿದ ಕೆಂಡಕ್ಕೆ ನೀರು ಹೊಯ್ದು, ಬೂದಿಯನ್ನು ಕೋಲಿನಿಂದ ಕೆದಕಿ ನೋಡಿಯೇ ಎಸೆಯಬೇಕು. ಮೇಲೆ ಬೂದಿ, ಒಳಗೆ ಕೆಂಡ ಬೆಳಗಿನವರೆಗೂ ಇರುತ್ತದೆ. ಸಿಲಿಂಡರ್ ತುಂಬಿದ ಟೆಂಪೋದ ಹಿಂಭಾಗದಲ್ಲಿ ಬಾಗಿಲು ಹಾಕಿಕೊಂಡು ಯಾರೂ ಮಲಗದಂತೆ ಮೇಸ್ತ್ರಿ ಖುದ್ದಾಗಿ ನೋಡಿಕೊಂಡು, ತಲೆ ಎಣಿಸಿ, ಎಲ್ಲರೂ ಕೋಣೆ ಸೇರಿದ ಮೇಲೆ ದೀಪ ಆರಿಸಲಿ.